ಉರಾಳರ ಮನೆ ನಾಯಿಗೆ ಊಟ ಇಲ್ಲವಂತೆ

ಫೆಬ್ರವರಿ 3, ಸೋಮವಾರ

ನನ್ನ ಮಾತು ಕೇಳುವುದನ್ನು ಗೋದಾವರಿ ನಿಲ್ಲಿಸಿ ಒಂದು ವಾರವಾಯಿತು. ಮದುವೆಯಾಗಿ ಇಷ್ಟು ವರ್ಷ ಕೇಳಿದ್ದೇ ದೊಡ್ಡದು. ಆದರೆ ಹೇಳಿಕೊಳ್ಳದೆ ಇದ್ದರೆ ನನಗೆ ತಿಂದದ್ದು ಜೀರ್ಣವಾಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ವಿಷಯ ಒಂದೇ, ನಾಯಿ.

ಕಳೆದ ಬೇಸಗೆಯಲ್ಲಿ ಮಗಳು ಯಾಮಿನಿ ಅದನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಬಂದಳು. ಅವಳು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರು. ಜೊತೆಯ ಮೇಷ್ಟರೊಬ್ಬರು ಬಾಗಲಕೋಟೆ ಕಡೆಯವರು, ಊರಿಗೆ ಹೋಗಿ ಬರುವಾಗ ತಂದುಕೊಟ್ಟರಂತೆ. "ಅಪ್ಪಯ್ಯ, ಇದ್ ಮುಧೋಳ ನಾಯಿ. ರಾಜರೆಲ್ಲ ಬೇಟೆಗ್ ಇಟ್ಕಂತಿದ್ದದ್ದ್" ಎಂದಳು. ಬೇಟೆನಾಯಿಗೆ ಸಾಲಿಗ್ರಾಮದ ಅಡುಗೆಯವನ ಮನೆಯಲ್ಲಿ ಏನು ಕೆಲಸ ಎಂದು ಕೇಳಿದೆ. ಅವಳು ಬುಟ್ಟಿಯನ್ನು ಒಳಗೆ ತೆಗೆದುಕೊಂಡು ಹೋದಳು, ನಾಯಿ ಉಳಿಯಿತು. ಈಗ ಅದು ತಲೆ ಎತ್ತಿದರೆ ನನ್ನ ಸೊಂಟದವರೆಗೆ ಬರುತ್ತದೆ. ನಾಲ್ಕು ಉದ್ದ ಕಾಲು, ಒಂದು ಉದ್ದ ಮೂತಿ, ನಡುವೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹೊಟ್ಟೆ ಇರಬೇಕಾದ ಜಾಗದಲ್ಲಿ ಹೊಟ್ಟೆ ಇಲ್ಲ. ಪಕ್ಕೆಲುಬು ದೂರದಿಂದಲೇ ಕಾಣುತ್ತದೆ. ಹೆಸರು ಕಡ್ಡಿ. ಲಾಡು ಅಂತಲಾದರೂ ಇಡಬಹುದಿತ್ತು.

ಇವತ್ತು ತರಕಾರಿ ಅಂಗಡಿಯ ವನಜ ತೊಂಡೆಕಾಯಿ ತೂಗುತ್ತಾ ಕೇಳಿದಳು: "ಹ್ವಾಯ್ ಉರಾಳ್ರೆ, ಬೇಜಾರ್ ಮಾಡ್ಕಣ್ಬೇಡಿ. ನಿಮ್ ಮನೆ ನಾಯಿಗ್ ಉಂಬುಕೆ ಹಾಕುದಿಲ್ಯಾ?"

ಈ ಪ್ರಶ್ನೆ ಬೇರೆ ಯಾರಿಗಾದರೂ ಕೇಳಿದ್ದರೆ ನಗಬಹುದಿತ್ತು. ನಾನು ಶ್ರೀರಾಮ ಉರಾಳ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಮದುವೆ, ಮುಂಜಿ, ಸಮಾರಾಧನೆ ಎಲ್ಲದಕ್ಕೂ ಎಲೆ ಹಾಕಿಸಿದವನು. ನನ್ನ ಅಡುಗೆಗೆ ಹೆಸರಿದೆ, ಅದಕ್ಕಿಂತ ಹೆಚ್ಚು ನನ್ನ ಒತ್ತಾಯಕ್ಕೆ ಹೆಸರಿದೆ. ಎಲೆಗೆ ಅಡ್ಡ ಹಿಡಿದ ಕೈಯ ಬೆರಳ ಸಂದಿಯಿಂದ ಹೋಳಿಗೆಗೆ ತುಪ್ಪ ಬಿಟ್ಟವನು ನಾನು. ನಮ್ಮ ಪಂಕ್ತಿಯಲ್ಲಿ ಮೊದಲನೆಯ 'ಸಾಕು' ಮರ್ಯಾದೆಗೆ, ಎರಡನೆಯದು ಅಭ್ಯಾಸಕ್ಕೆ. ಮೂರನೆಯದನ್ನೂ ಕೇಳಿಸಿಕೊಳ್ಳದವನೇ ಬಡಿಸುವವನು. ಅಂಥವನ ಮನೆಯ ನಾಯಿಗೆ ಊಟ ಇಲ್ಲವೇ ಎಂದು ಕೇಳಿದಳು. ಬರುವಾಗ ಒಂದು ಚೀಲ ಗೆಣಸು ಬೇರೆ ಕೊಟ್ಟಳು. ನಾಯಿಗಂತೆ.

ಫೆಬ್ರವರಿ 9, ಭಾನುವಾರ

ಬ್ರಹ್ಮಾವರದಲ್ಲಿ ಮದುವೆ ಊಟ. ಅನಾನಸಿನ ಮೆಣಸ್ಕಾಯಿ ಗೊಜ್ಜು ಚೆನ್ನಾಗಿ ಬಂದಿತ್ತು. ನಮ್ಮ ಸಮಾಜದ ಅಧ್ಯಕ್ಷರಾದ ವೈಕುಂಠ ಹೇರ್ಳೆಯವರು ಊಟಕ್ಕೆ ಕೂತಿದ್ದರು. ಬೇಡವೆಂದು ತಲೆ ಅಲ್ಲಾಡಿಸುವಷ್ಟರಲ್ಲಿ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದೆ.

ಕೈ ತೊಳೆದು ಬಂದವರು, "ಮೇ ನಾಕಕ್ಕೆ ಸಾಮೂಹಿಕ ಉಪನಯನ ಇತ್ತಲ್ದಾ. ಅಡುಗಿದ್ದ್ ಕಮಿಟಿಯಂಗೆ ಮಾತಾಡಿ ಹೇಳ್ತೆ" ಎಂದರು.

"ಮಾತಾಡುದ್ ಎಂತ ಹೇರ್ಳೆಯವ್ರೆ? ಪ್ರತಿ ವರ್ಷ ನಾನೇ ಅಲ್ದಾ?"

"ಹೌದ್, ಹೌದ್. ಆದ್ರೆ ಜನ ಎಂತೆಂತದೋ ಹೇಳ್ತ್ರ್ ಕಾಣಿ. ನಾಯಿದ್ದೆಲ್ಲ."

ಆ ಊಟಕ್ಕೆ ಕೋಟದಿಂದ ಬೈಂದೂರಿನವರೆಗಿನ ನಮ್ಮ ಮನೆಗಳೆಲ್ಲ ಬರುತ್ತವೆ. ಅಲ್ಲಿ ಅಡುಗೆ ಮಾಡಿದವನನ್ನೇ ಮುಂದಿನ ವರ್ಷ ಪೂರ್ತಿ ಮದುವೆ ಮುಂಜಿಗೆ ಕರೆಯುತ್ತಾರೆ. ಅದು ಕೈ ತಪ್ಪಿದರೆ 'ಉರಾಳರನ್ನು ಬಿಟ್ಟರಂತೆ' ಎಂಬ ಮಾತು ಒಂದು ದಿನದಲ್ಲಿ ಊರು ಸುತ್ತುತ್ತದೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಮನೆಗೆ ಬಂದರೆ ಅದಕ್ಕೆಲ್ಲ ಕಾರಣವಾದ ಪ್ರಾಣಿ ನನ್ನ ಆರಾಮ ಕುರ್ಚಿಯಲ್ಲಿ ಕಾಲು ಮೇಲೆ ಮಾಡಿ ಮಲಗಿತ್ತು. ಎಬ್ಬಿಸಿದೆ. ಎದ್ದು, ಸುತ್ತು ಹಾಕಿ, ಅಲ್ಲಿಯೇ ಮಲಗಿತು.

ಫೆಬ್ರವರಿ 17, ಸೋಮವಾರ

ಯಾಮಿನಿ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಳೆ. "ದಿನಾ ಬೆಳಿಗ್ಗೆ ಓಡ್ಸ್ಕ್ ಅಪ್ಪಯ್ಯ. ಇಲ್ದಿದ್ರೆ ಮನೆ ಒಳಗ್ ಓಡತ್ತ್" ಎಂದು ಹಗ್ಗ ನನ್ನ ಕೈಗೆ ಕೊಟ್ಟು ಹೋದಳು. ಅದು ದಿನವಿಡೀ ಮಲಗುತ್ತದೆ, ಒಂದಿಷ್ಟು ಹೊತ್ತು ಮಾತ್ರ ಓಡುತ್ತದೆ. ಆ ಒಂದಿಷ್ಟು ಹೊತ್ತು ಇವತ್ತು ಹೆದ್ದಾರಿ ಪಕ್ಕದಲ್ಲಿ ಬಂತು.

ಒಂದು ಬಿಳಿ ಪ್ಲಾಸ್ಟಿಕ್ ಚೀಲ ಗಾಳಿಗೆ ಹಾರಿತು. ಅಷ್ಟೇ ನಡೆದದ್ದು. ಹಗ್ಗ ಕೈಯಿಂದ ಹೋಯಿತು, ಅಂಗೈ ಉರಿಯಿತು, ನಾಯಿ ಇಲ್ಲ. ಸ್ಕೂಟರ್ ಹಾಕಿಕೊಂಡು ಹೋದರೆ ಸಾಸ್ತಾನದ ಟೋಲ್ ದಾಟಿ ಆಚೆ ಬದಿಯಲ್ಲಿ ಚೀಲವನ್ನು ಬಾಯಲ್ಲಿ ಹಿಡಿದು ನಿಂತಿತ್ತು. ಏದುಸಿರು ಕೂಡ ಇರಲಿಲ್ಲ. ಏದುಸಿರೆಲ್ಲ ನನ್ನದೇ.

ಟೋಲಿನ ರತನ್ ಗುರುತಿನವನು. "ಉರಾಳ್ರೆ, ನಿಮ್ ನಾಯಿ ಗೇಟ್ ಎತ್ತುವರಿಗೂ ಕಾಯ್ಲಿಲ್ಲ ಮರಾಯ್ರೆ. ಅಡಿಯಂಗೇ ಹೋಯ್ತ್" ಎಂದ. ಆಮೇಲೆ ಅದರ ಮೈ ನೋಡಿದ, ನನ್ನ ಮೈ ನೋಡಿದ. ತನ್ನ ಬುತ್ತಿಯಿಂದ ನೀರ್ದೋಸೆ ತೆಗೆದು ಅದರ ಮುಂದೆ ಹಿಡಿದ. ಅದು ಮೂಸಿ ಮುಖ ತಿರುಗಿಸಿತು. ಪರಿಚಯ ಇಲ್ಲದವರ ಕೈಯಿಂದ ಅದು ಏನನ್ನೂ ಮುಟ್ಟುವುದಿಲ್ಲ. "ಪಾಪ, ತಿಂಬುದೇ ಮರ್ತೋಯ್ತ್ ಕಾಣತ್ತ್" ಎಂದ ರತನ್.

ಅದು ಓಡುವುದನ್ನು ಒಂದು ಗಳಿಗೆ ನೋಡಿದ್ದೆ. ನಾಲ್ಕು ಕಾಲೂ ನೆಲದ ಮೇಲಿರಲಿಲ್ಲ. ಅದನ್ನು ಇಲ್ಲಿ ಬರೆಯುವ ಅಗತ್ಯವೇನೂ ಇಲ್ಲ.

ಫೆಬ್ರವರಿ 28, ಶುಕ್ರವಾರ

ದಪ್ಪ ಮಾಡುವುದು ನನ್ನ ಕಸುಬು. ನನ್ನ ಅಡುಗೆ ಉಂಡು ಎಷ್ಟು ಮದುಮಕ್ಕಳ ಅಂಗಿಯ ಗುಂಡಿ ಹರಿದಿಲ್ಲ? ಕಮಿಟಿ ಸೇರುವ ಮೊದಲು ಈ ನಾಯಿಯನ್ನು ಒಂದು ಆಕಾರಕ್ಕೆ ತರುತ್ತೇನೆಂದು ಹೊರಟೆ. ತುಪ್ಪ ಹಾಕಿ ಕಲಸಿದ ಅನ್ನ, ಕಡಲೆಬೇಳೆ ಪಾಯಸ, ಮೇಲೊಂದು ಹೋಳಿಗೆ. ಎದುರಿಗೆ ಮಣೆ ಹಾಕಿಕೊಂಡು ಕೂತು ಸೌಟಿನಲ್ಲಿ ಬಡಿಸಿದೆ. ಮುಖ ತಿರುಗಿಸಿದರೆ ಆ ಬದಿಗೆ ಹೋಗಿ ಬಡಿಸಿದೆ. ಕೊನೆಗೆ ದಾಕ್ಷಿಣ್ಯಕ್ಕೆ ತಿಂದಿತು. ಎರಡು ದಿನದಲ್ಲಿ ಅದೆಲ್ಲವನ್ನೂ ನನ್ನ ಕುರ್ಚಿಯ ಮೇಲೆ ವಾಪಸು ಕೊಟ್ಟಿತು, ಎರಡೂ ಕಡೆಯಿಂದ.

ಪಶುವೈದ್ಯ ರವಿಚಂದ್ರರು ಅದರ ಹೊಟ್ಟೆ ಒತ್ತಿ ನೋಡಿ, "ಪಾಯಸಕ್ಕೆ ದ್ರಾಕ್ಷಿ ಹಾಕಿದ್ರ್ಯಾ?" ಎಂದರು.

"ದ್ರಾಕ್ಷಿ ಇಲ್ದೆ ಪಾಯಸ ಆತ್ತಾ ಡಾಕ್ಟ್ರೆ?"

"ನಾಯಿಗ್ ದ್ರಾಕ್ಷಿ ಅಂದ್ರೆ ವಿಷ. ಕಿಡ್ನಿ ಹೋತಿತ್ತ್. ಈ ಜಾತಿಯ ನಾಯಿಗ್ ಪಕ್ಕೆಲುಬು ಕಾಣ್ಕೇ ಉರಾಳ್ರೆ. ಕಾಣದಿದ್ರೆ ಮಾತ್ರ ನನ್ನ ಹತ್ರ ಕರ್ಕಂಡ್ ಬನ್ನಿ."

ಆಮೇಲೆ ಅದಕ್ಕೆ ಏನು ಕೊಡಬೇಕೆಂದು ಹೇಳಿದರು. ಆ ವಸ್ತುವಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೋಳಿ ಇಡುತ್ತದೆ, ಅಷ್ಟು ಸಾಕು. ಯಾಮಿನಿ ಕಟ್ಟಿಗೆ ಕೊಟ್ಟಿಗೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಾಳೆ. ಗೋದಾವರಿ ಆ ಕಡೆಯ ಕಿಟಕಿ ಮುಚ್ಚಿದ್ದಾಳೆ. ನಾನು ಆ ಕಡೆ ನೋಡುವುದೇ ಇಲ್ಲ.

ಮಾರ್ಚ್ 8, ಶನಿವಾರ

ಊರಿನವರು ಧರ್ಮಕ್ಕೆ ಇಳಿದಿದ್ದಾರೆ. ಬೆಳಿಗ್ಗೆ ಎದ್ದರೆ ಕಂಪೌಂಡಿನೊಳಗೆ ಇಡ್ಲಿ, ಅನ್ನ, ಹಲಸಿನ ತೊಳೆ, ಒಮ್ಮೆ ಅರ್ಧ ಕೇಕು. ನಮ್ಮದು ಅದನ್ನು ದಾಟಿಕೊಂಡು ಬಂದು ಕುರ್ಚಿಯಲ್ಲಿ ಮಲಗುತ್ತದೆ. ಬೀದಿನಾಯಿಗಳಿಗೆ ಸುದ್ದಿ ಮುಟ್ಟಿದೆ. ಈಗ ನಮ್ಮ ಅಂಗಳದಲ್ಲಿ ಒಂದು ದಂಡು ಬೀದಿನಾಯಿ, ಒಂದಕ್ಕಿಂತ ಒಂದು ಕುಂಬಳಕಾಯಿ, ಅವುಗಳ ನಡುವೆ ನಮ್ಮ ಕಡ್ಡಿ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ. 'ಉರಾಳರು ಊರ ನಾಯಿಗೆಲ್ಲ ಹಾಕುತ್ತಾರೆ, ಮನೆ ನಾಯಿಗೆ ಮಾತ್ರ ಇಲ್ಲ' ಎಂದು ಈಗಿನ ಮಾತು.

ಗೇಟಿಗೆ ಒಂದು ಬೋರ್ಡು ಬರೆಸಿ ಹಾಕಿದೆ: 'ನಮ್ಮ ನಾಯಿಗೆ ಊಟ ಆಗಿದೆ. ದಯವಿಟ್ಟು ಏನೂ ಹಾಕಬೇಡಿ.'

ಮಾರ್ಚ್ 10, ಸೋಮವಾರ

ಬೋರ್ಡಿನ ಫೋಟೋ, ಅದರ ಕೆಳಗೆ ಮಲಗಿದ ನಾಯಿಯ ಫೋಟೋ ಎಲ್ಲರ ಮೊಬೈಲಿನಲ್ಲಿದೆ. ಗೋದಾವರಿಯ ಭಜನಾ ಮಂಡಳಿಯ ಗುಂಪಿನಲ್ಲೂ ಬಂದಿದೆ. 'ಬೇರೆಯವರು ಹಾಕುವುದನ್ನೂ ತಪ್ಪಿಸುವ ಕಟುಕರು' ಎಂದು ಬರೆದಿದ್ದಾರಂತೆ. ಬೋರ್ಡು ತೆಗೆದೆ. ತೆಗೆಯುವುದರ ಫೋಟೋವನ್ನೂ ಯಾರೋ ತೆಗೆದರು.

ಮಾರ್ಚ್ 21, ಶುಕ್ರವಾರ

ಕಿರಿಮಂಜೇಶ್ವರದ ಗೃಹಪ್ರವೇಶದ ಊಟ ಕೈ ತಪ್ಪಿ ಹೋಯಿತು. ಯಜಮಾನರೇ ಬಂದಿದ್ದರು, ಒಳ್ಳೆಯ ಜನ. ಕಾಫಿ ಕುಡಿದರು, ಮಳೆ ಬೆಳೆ ಮಾತಾಡಿದರು, ಹೋಗುವಾಗ ಚಪ್ಪಲಿ ಮೆಟ್ಟುತ್ತಾ, "ಈ ಸಲ ಸಣ್ಣಕ್ ಮನೆಯವ್ರೇ ಮಾಡ್ಕಂತ್ ಉರಾಳ್ರೆ" ಎಂದರು. ಅವರ ಕಣ್ಣು ಕುರ್ಚಿಯ ಮೇಲಿತ್ತು. ನಾನು ಬೇರೆ ಕುರ್ಚಿ ತರಿಸಬೇಕು. ಸದ್ಯ ಬೆಂಚಿನ ಮೇಲೆ ಕೂರುತ್ತಿದ್ದೇನೆ, ಬೆನ್ನಿಗೆ ಅದೇ ಒಳ್ಳೆಯದು.

ಯಾಮಿನಿಗೆ ಪರೀಕ್ಷೆಯ ಕೆಲಸ, ಆದ್ದರಿಂದ ಬೆಳಗಿನ ಓಟ ನನ್ನ ಪಾಲಿಗೇ ಬಂದಿದೆ. ಪಾರಂಪಳ್ಳಿ ಕಡಲ ಬದಿಯಲ್ಲಿ ಬಿಡುತ್ತೇನೆ. ಅದು ಕಣ್ಣಿಗೆ ಕಾಣದಷ್ಟು ದೂರ ಹೋಗಿ ತಿರುಗಿ ಬರುವಷ್ಟರಲ್ಲಿ ನಾನು ಬಿದ್ದೆದ್ದು ಅರ್ಧ ಹೋಗಿರುತ್ತೇನೆ. ಪ್ಯಾಂಟುಗಳೆಲ್ಲ ಸಡಿಲಾಗಿವೆ. ಗೋದಾವರಿ ಹೊಸ ಸಾಬೂನು ಏನೋ ತಂದಿದ್ದಾಳೆ, ಬಟ್ಟೆ ಹಿಗ್ಗಿಸುತ್ತದೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಡಾಕ್ಟರು ಅರ್ಧ ಮಾಡಿದ್ದಾರೆ, ಯಾಕೋ ತಿಳಿಯದು. ಇವತ್ತು ಯಾಮಿನಿ ಬೇಗ ಹೋದಳು, ಹಾಗಾಗಿ ಮೊಟ್ಟೆ ನಾನೇ ಬೇಯಿಸಿದೆ. ಸಿಪ್ಪೆ ಸುಲಿಯುವುದು ದೊಡ್ಡ ಕೆಲಸವೇನಲ್ಲ.

ಮಾರ್ಚ್ 30, ಭಾನುವಾರ

ಕಮಿಟಿ ನಾಯಿಯನ್ನು ನೋಡಲು ಮನೆಗೆ ಬಂತು. ಹೇರ್ಳೆಯವರೇ ಮಾಡಿದ ಏರ್ಪಾಡು. "ಎಲ್ಲರ ಎದ್ರಿಗ್ ನಾಯಿ ಒಂದ್ಸಲ ಉಂಡ್ರೆ ಮುಗ್ದೋಯ್ತ್ ಮರಾಯ್ರೆ. ಮತ್ತೆ ಯಾರೂ ಮಾತಾಡುಕಿಲ್ಲೆ" ಎಂದಿದ್ದರು.

ಹಿರಿಯರೆಲ್ಲ ಶಾಲು ಹೊದ್ದು ಜಗಲಿಯಲ್ಲಿ ಸಾಲಾಗಿ ಕೂತರು. ಹೆಣ್ಣು ನೋಡಲು ಬಂದವರ ಹಾಗೆಯೇ ಇತ್ತು, ಗೋದಾವರಿ ಪಾನಕ ಕೊಟ್ಟಳು. ನಾನು ಬೆಳಿಗ್ಗೆಯೇ ನಾಯಿಯ ಹೆಸರು ಲಾಡು ಎಂದು ಬದಲಾಯಿಸಿದ್ದೆ. ಎಷ್ಟು ಕರೆದರೂ ಬರಲಿಲ್ಲ. ಯಾಮಿನಿ ಮೆಲ್ಲಗೆ "ಕಡ್ಡಿ" ಎಂದಾಗ ಬಂತು. ಹೇರ್ಳೆಯವರು ಪಕ್ಕದವರ ಮುಖ ನೋಡಿದರು.

ಎಲೆ ಹಾಕಿದೆ. ಅನ್ನ, ಬೇಯಿಸಿದ ಬೇಳೆ, ಸ್ವಲ್ಪ ತುಪ್ಪ, ಗೆಣಸು. ಮೊಟ್ಟೆ ಹಾಕಲಿಲ್ಲ. ಸಮಾಜದ ಹಿರಿಯರು ಕೂತಿರುವ ಜಗಲಿಗೆ ಅದನ್ನು ತರುವುದು ಹೇಗೆ? ದಿನಾ ಹಾಕುವುದರಲ್ಲಿ ಮುಖ್ಯವಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಡಿಸಿದೆ. ಅದು ಎಲೆಯನ್ನು ಈ ತುದಿಯಿಂದ ಆ ತುದಿಗೆ ಮೂಸಿತು. ಮೂಸಿ ನನ್ನ ಮುಖ ನೋಡಿತು.

"ಉಣ್ ಮಾರಾಯಾ" ಎಂದೆ. ಬಗ್ಗಿ ಬಡಿಸಿದೆ. ಇನ್ನೊಂದು ಸೌಟು ಹಾಕಿದೆ. ಮೂವತ್ತು ವರ್ಷದಲ್ಲಿ ಯಾರಿಗೂ ಮಾಡದ ಒತ್ತಾಯ ಮಾಡಿದೆ. ಅದು ಮೈ ಮುರಿದು ಆಕಳಿಸಿ, ಕುರ್ಚಿ ಹತ್ತಿ, ಕಮಿಟಿಗೆ ಬೆನ್ನು ಹಾಕಿ ಮಲಗಿತು.

ಹಿರಿಯರೊಬ್ಬರು ಪಾತ್ರೆಯಿಂದ ಒಂದು ಅಗುಳು ತೆಗೆದು ಬಾಯಿಗೆ ಹಾಕಿಕೊಂಡು, "ಬೆಂದಿತ್. ಬೇಯದ್ದೇನಲ್ಲ" ಎಂದು ತೀರ್ಪು ಕೊಟ್ಟರು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ಈ ಮನೆಯಲ್ಲಿಲ್ಲ. ಊಟಕ್ಕೆ ಕೂರಿಸಿದೆ. ಎಲ್ಲರೂ ಪಾಯಸ ಎರಡೆರಡು ಸಲ ಹಾಕಿಸಿಕೊಂಡರು, ತೇಗಿದರು, ಯೋಚನೆ ಮಾಡುತ್ತಾ ಹೋದರು.

ಏಪ್ರಿಲ್ 2, ಬುಧವಾರ

ಈಗಿನ ಮಾತು: 'ಉರಾಳರ ಅಡುಗೆಯನ್ನು ಅವರ ಮನೆ ನಾಯಿಯೂ ಮುಟ್ಟುವುದಿಲ್ಲ.'

ಏಪ್ರಿಲ್ 12, ಶನಿವಾರ

ಹೇರ್ಳೆಯವರು ನನ್ನನ್ನು ತಮ್ಮ ಮನೆಗೆ ಕರೆಸಿದರು. ಮನುಷ್ಯ ಕೆಟ್ಟವರಲ್ಲ. ನನ್ನ ಹೆಸರು ಉಳಿಯಲಿ ಎಂಬ ಮನಸ್ಸೂ ಇದೆ, ತನ್ನ ಕುರ್ಚಿ ಉಳಿಯಲಿ ಎಂಬ ಮನಸ್ಸೂ ಇದೆ.

"ಕಾಣಿ ಉರಾಳ್ರೆ, ನಾಯಿ ಕಣ್ಣಿಗ್ ಬೀಳ್ದಿದ್ರೆ ಜನ ಮರೀತ್ರ್. ಫಂಕ್ಷನ್ ಮುಗಿವರಿಗೆ ಎಲ್ಲಾದ್ರೂ ಬಿಟ್ ಬನ್ನಿ. ನಾಯಿ ಊರಂಗಿಲ್ಲೆ ಅಂದ್ರೆ ಅಡುಗಿ ನಿಮ್ದೇ. ಅಲ್ಲಿ ನಾಕ್ ದಿನ ಉಂಡ್ ತುಂಬ್ಕಂಡ್ ಬಂದ್ರೆ ಎಲ್ರಿಗೂ ತೋರ್ಸ್ವ."

ಒಪ್ಪಿದೆ. ಬೇರೆ ದಾರಿ ಏನಿತ್ತು? ನನ್ನ ಜೊತೆ ಇಪ್ಪತ್ತು ವರ್ಷದಿಂದ ಸೌಟು ಹಿಡಿದ ಅನಂತಯ್ಯ ಇದ್ದಾನೆ, ಅವನ ಮನೆ ನಡೆಯಬೇಕು, ಉಳಿದ ಆಳುಗಳ ಮನೆ ನಡೆಯಬೇಕು. ಮನೆಗೆ ಬಂದು ಹೇಳಿದೆ. ಯಾಮಿನಿ, "ಅಂತೂ ಆರ್ಡರ್ ಸಿಕ್ತಲ್ಲ ಅಪ್ಪಯ್ಯ" ಎಂದಳು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

ಏಪ್ರಿಲ್ 20, ಭಾನುವಾರ

ವ್ಯಾನಿನಲ್ಲಿ ಕೆರಾಡಿಗೆ ಕರೆದುಕೊಂಡು ಹೋದೆ. ಶೇಖರ ಶೆಟ್ರು ಹಳೆಯ ಸ್ನೇಹಿತರು. ಮುಂಬಯಿಯಲ್ಲಿ ಹೋಟೆಲು ನಡೆಸಿ ಸಾಕಾಗಿ ಈಗ ಕಾಡಿನ ಅಂಚಿನಲ್ಲಿ ರಬ್ಬರು ಹಾಕಿಕೊಂಡಿದ್ದಾರೆ. ಅವರ ಹೆಂಡತಿ ಗುಲಾಬಿಯವರು ನಾಯಿಯನ್ನು ನೋಡಿ ಬಾಯಿಗೆ ಸೆರಗು ಹಿಡಿದರು.

"ಹೆದ್ರಬೇಡಿ ಉರಾಳ್ರೆ" ಎಂದರು ಶೆಟ್ರು. "ನಿಮ್ಮಲ್ ಬರೀ ಅನ್ನ ಸಾರ್ ತಿಂದ್ ಹೀಂಗ್ ಆಯಿತ್. ಇಲ್ ಗುಲಾಬಿ ದಿನಾ ಕೋಳಿ ಬೇಯ್ಸಿ ಹಾಕ್ತಳ್. ಎಮ್ಮೆ ಮಾಡಿ ಕೊಡ್ತ್."

ನಾನು ವ್ಯಾನು ಹತ್ತುವಾಗ ಅದು ಎದ್ದು ನಿಂತಿತು. ಹಗ್ಗ ಕಟ್ಟಿತ್ತು. ಬೊಗಳಲಿಲ್ಲ, ಎಳೆಯಲಿಲ್ಲ, ಸುಮ್ಮನೆ ನೋಡಿತು. ಬೊಗಳಿದ್ದರೆ ಚೆನ್ನಾಗಿತ್ತು. ದಾರಿಯಲ್ಲಿ ಎರಡು ಕಡೆ ಹೊಂಡಕ್ಕೆ ಇಳಿಸಿದೆ, ರಸ್ತೆ ಸರಿಯಿಲ್ಲ.

ಏಪ್ರಿಲ್ 25, ಶುಕ್ರವಾರ

ಶೆಟ್ರಿಗೆ ಫೋನ್ ಮಾಡಿದೆ. "ಸೌಖ್ಯ ಇತ್ತ್, ನೀವ್ ನಿಮ್ ಕೆಲ್ಸ ಕಾಣಿ" ಎಂದರು.

ಕುರ್ಚಿ ಖಾಲಿ ಇದೆ. ಕೂತು ನೋಡಿದೆ, ಆರಾಮ ಅನಿಸಲಿಲ್ಲ, ಮತ್ತೆ ಬೆಂಚಿಗೆ ಬಂದೆ. ಬೆಳಿಗ್ಗೆ ಎಚ್ಚರವಾದ ಮೇಲೆ ಮಾಡಲು ಕೆಲಸ ಇಲ್ಲದ್ದರಿಂದ ಕಡಲ ಬದಿಗೆ ಹೋಗಿ ಬಂದೆ. ಮೀನಿನವರು, "ಒಬ್ರೇ ಬಂದ್ರ್ಯಾ?" ಎಂದು ಕೇಳಿದರು. ಊಟಕ್ಕೆ ಕೂತರೆ ಯಾಮಿನಿ ಎಲ್ಲದಕ್ಕೂ ಮೊದಲೇ ಕೈ ಅಡ್ಡ ಹಿಡಿಯುತ್ತಾಳೆ.

ಮೇ 3, ಶನಿವಾರ

ನಾಳೆ ಊಟ. ತರಕಾರಿ ಬಂತು, ಬಾಳೆ ಎಲೆ ಬಂತು, ಕೊಪ್ಪರಿಗೆಗಳನ್ನು ಸಮಾಜದ ಭವನಕ್ಕೆ ಸಾಗಿಸಿಯಾಯಿತು. ಹೇರ್ಳೆಯವರು ಬೆನ್ನು ತಟ್ಟಿ, "ಈಗ ನಾಯಿ ಸುದ್ದಿಯೇ ಇಲ್ಲೆ ಕಾಣಿ" ಎಂದರು. ಶೆಟ್ರಿಗೆ ಫೋನ್ ಮಾಡಿದರೆ ಸಿಗಲಿಲ್ಲ. ಅಲ್ಲಿ ಕಾಡು, ಸಿಗ್ನಲ್ ಇಲ್ಲ.

ಮೇ 4, ಭಾನುವಾರ

ಇವತ್ತಿನದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಪಾಯಸಕ್ಕೆ ಬೆಲ್ಲ ಹಾಕುವ ಹೊತ್ತಿಗೆ ಗುಲಾಬಿಯವರ ಫೋನ್ ಬಂತು. ಅಳುತ್ತಿದ್ದರು.

"ಉರಾಳ್ರೆ, ನಂಗ್ ಹೇಳ್ದೆ ಇಪ್ಪುಕಾತಿಲ್ಲೆ. ಇವ್ರ್ ಹೇಳುದ್ ಬ್ಯಾಡ ಅಂದ್ರ್, ನಿಮ್ಗ್ ದೊಡ್ ಊಟ, ಗಡಿಬಿಡಿ ಅಂದ್ಕಂಡ್. ನಾಯಿ ಬಂದಲ್ಲಿಂದ ಸಮ ತಿಂದದ್ದಿಲ್ಲೆ. ಕೋಳಿ ಹಾಕಿಯಾಯ್ತ್, ಮೀನ್ ಹಾಕಿಯಾಯ್ತ್, ಮೂಸ್ತೂ ಇಲ್ಲೆ. ಮೂರ್ ದಿನ ಆಯ್ತ್ ಬರೀ ನೀರ್. ಇವತ್ ಏಳ್ತಾ ಇಲ್ಲೆ."

ಊರಿಡೀ ಮೂರು ತಿಂಗಳು ಹೇಳಿದ ಸುಳ್ಳನ್ನು ನಾನೇ ನಿಜ ಮಾಡಿ ಬಿಟ್ಟಿದ್ದೆ. ಎರಡು ಸಾವಿರ ಎಲೆಗೆ ಅನ್ನ ಬೇಯಿಸುತ್ತಾ ನಿಂತಿದ್ದೆ, ನನ್ನದೆಂದು ಇದ್ದ ಒಂದು ಜೀವ ಉಪವಾಸ ಬಿದ್ದಿತ್ತು. ಸೌಟನ್ನು ಅನಂತಯ್ಯನ ಕೈಗೆ ಕೊಟ್ಟೆ. ಇಷ್ಟು ವರ್ಷದಲ್ಲಿ ಎಲೆ ಹಾಕುವ ಮೊದಲು ಸೌಟು ಬಿಟ್ಟವನಲ್ಲ.

"ಎಲ್ಲಿಗ್ ಹೋಪ್ದ್ ಉರಾಳ್ರೆ? ಹುಳಿಗ್ ಉಪ್ಪ್?" ಎಂದ ಅನಂತಯ್ಯ.

"ನೀನೇ ಕಂಡ್ಕೊ."

ಮನೆಗೆ ಹೋಗಿ ಯಾಮಿನಿಯನ್ನು ಹತ್ತಿಸಿಕೊಂಡೆ. ಅವಳಾಗಲೇ ಮೊಟ್ಟೆ ಬೇಯಿಸಿ ಅನ್ನ ಕಲಸಿ ಡಬ್ಬಿಗೆ ಹಾಕಿದ್ದಳು, ಗುಲಾಬಿಯವರು ಅವಳಿಗೂ ಫೋನ್ ಮಾಡಿದ್ದರಂತೆ. ಕೆರಾಡಿಗೆ ವ್ಯಾನು ಓಡಿಸಿದೆ. ಹಾಲಾಡಿ ದಾಟಿದ ಮೇಲೆ "ಮೆಲ್ಲಗೆ ಬಿಡಿ ಅಪ್ಪಯ್ಯ" ಎಂದಳು.

ಅದು ದನದ ಕೊಟ್ಟಿಗೆಯ ಪಕ್ಕ ಗೋಣಿಯ ಮೇಲೆ ಮಲಗಿತ್ತು. ಮೊದಲು ಪಕ್ಕೆಲುಬು ಮಾತ್ರ ಕಾಣುತ್ತಿತ್ತು, ಈಗ ಬೆನ್ನಿನ ಮೂಳೆ, ಸೊಂಟದ ಮೂಳೆ ಎಲ್ಲ ಕಾಣುತ್ತಿತ್ತು. ನಿಜವಾದ ಬಡಕಲು ಹೇಗಿರುತ್ತದೆಂದು ನಾನು ಮೊದಲ ಸಲ ನೋಡಿದೆ. ನನ್ನ ದನಿ ಕೇಳಿ ಬಾಲವನ್ನು ಒಮ್ಮೆ ನೆಲಕ್ಕೆ ಬಡಿದ. ನಾನು ಪಂಚೆಯಲ್ಲೇ ಸಗಣಿಯ ನೆಲದಲ್ಲಿ ಕೂತೆ. ಅತ್ತೆ. ಶೆಟ್ರ ಎದುರಿಗೇ ಅತ್ತೆ, ಅದನ್ನು ಬರೆಯಲು ನಾಚಿಕೆಯೇನಿಲ್ಲ. ಡಬ್ಬಿ ತೆರೆದು ಅಂಗೈಯಲ್ಲಿ ಹಿಡಿದೆ. ಮೂರು ತುತ್ತು ತಿಂದ. ಆಮೇಲೆ ತಲೆಯನ್ನು ನನ್ನ ತೊಡೆಯ ಮೇಲಿಟ್ಟ. ಡಬ್ಬಿಯಲ್ಲಿ ಇನ್ನೂ ಇತ್ತು, ಮುಚ್ಚಳ ಹಾಕಿದೆ.

ವಾಪಸು ಬರುವಾಗ ಭವನದಲ್ಲಿ ಕೊನೆಯ ಪಂಕ್ತಿ ನಡೆದಿತ್ತು. ನಾನಿಲ್ಲದೆ ಎಲ್ಲ ನಡೆದಿತ್ತು, ಹುಳಿಗೆ ಉಪ್ಪೂ ಸರಿಯಾಗಿತ್ತಂತೆ. ಹೇರ್ಳೆಯವರು ಮತ್ತು ಕಮಿಟಿಯ ಹಿರಿಯರು ಎಲೆಯಡಿಕೆ ಹಾಕಿಕೊಂಡು ಹೊರಗೆ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. ವ್ಯಾನನ್ನು ಅವರ ಮುಂದೆಯೇ ನಿಲ್ಲಿಸಿ ಬಾಗಿಲು ತೆರೆದೆ. ಯಾಮಿನಿಯ ಮಡಿಲಲ್ಲಿ ಕಡ್ಡಿ ತಲೆ ಎತ್ತಲಾರದೆ ಮಲಗಿದ್ದ.

"ಕಾಣಿ" ಎಂದೆ. "ನೀವೆಲ್ಲ ಈಗ ಸಮ ಕಾಣಿ."

ಹೇರ್ಳೆಯವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಹಿಂದಿನವರೂ ಬಗ್ಗಿದರು. ನೋಡಿ ನೋಡಿ ಹೇರ್ಳೆಯವರ ಮುಖ ಅರಳಿತು.

"ಅಡ್ಡಿಲ್ಲ ಉರಾಳ್ರೆ. ಲಾಯ್ಕ್ ತುಂಬ್ಕಂಡಿತ್. ಕೆರಾಡಿ ನೀರ್ ಒಗ್ಗಿತ್ ಕಾಣಿ."

"ಮುಖದಂಗೂ ಕಳೆ ಬಂದಿತ್" ಎಂದರು ಅಂದು ಅಗುಳು ತಿಂದು ತೀರ್ಪು ಕೊಟ್ಟ ಹಿರಿಯರು.

"ಇದ್ ಉಪವಾಸ ಇತ್ತ್ ಹೇರ್ಳೆಯವ್ರೆ" ಎಂದೆ. "ಮೂರ್ ದಿನ ಉಂಡದ್ದಿಲ್ಲೆ. ನಿಮ್ ಊಟಕ್ಕೋಸ್ಕರ ನಾನೇ ಉಪವಾಸ ಹಾಕಿದ್ದ್."

ಎಲ್ಲರೂ ನಕ್ಕರು. "ನಿಮ್ದೊಂದ್ ತಮಾಷಿ" ಎಂದು ಹೇರ್ಳೆಯವರು ನನ್ನ ಹೆಗಲ ಮೇಲೆ ಕೈ ಹಾಕಿದರು. ಇಬ್ಬರು ಮೊಬೈಲ್ ತೆಗೆದು ಫೋಟೋ ಹಿಡಿದರು. ಬರುವ ವರ್ಷದ ಅಡುಗೆಯೂ ನಿಮ್ಮದೇ ಎಂದು ಅಲ್ಲಿಯೇ ಎಲ್ಲರ ಎದುರು ಹೇಳಿದರು. ನಾನು ವ್ಯಾನಿನ ಬಾಗಿಲು ಹಾಕಿದೆ.

ರವಿಚಂದ್ರರು ಮನೆಗೆ ಬಂದು ಗ್ಲೂಕೋಸ್ ಏರಿಸಿದರು. ಹೆದರಬೇಕಾಗಿಲ್ಲ, ಸ್ವಲ್ಪ ಸ್ವಲ್ಪವೇ ಕೊಡಿ ಎಂದರು. ಈಗ ಕುರ್ಚಿಯಲ್ಲಿ ಮಲಗಿದ್ದಾನೆ. ಗೋದಾವರಿ ತಾನಾಗಿಯೇ ಕಟ್ಟಿಗೆ ಕೊಟ್ಟಿಗೆಗೆ ಹೋಗಿ ಒಲೆ ಹಚ್ಚಿ ಮೊಟ್ಟೆಯನ್ನ ಮಾಡಿ ತಂದಳು. ನಾಲ್ಕು ತುತ್ತು ತಿಂದು ಮುಖ ತಿರುಗಿಸಿದ. "ಇನ್ನೊಂಚೂರ್ ತಿನ್ಸಿ, ಪಾಪ" ಎಂದಳು. "ಬೇಡ ಮಾರಾಯ್ತಿ, ಅವ್ನಿಗ್ ಸಾಕಂಬ್ರ್" ಎಂದೆ. ಯಾಮಿನಿ ನನ್ನನ್ನೇ ನೋಡುತ್ತಿದ್ದಳು. ಯಾಕೆ ಎಂದು ಕೇಳಿದರೆ ಏನೂ ಇಲ್ಲ ಎಂದು ನಕ್ಕಳು.

ಸಂಜೆ ಹೇರ್ಳೆಯವರಿಗೆ ಫೋನ್ ಮಾಡಿದೆ. ಬರುವ ವರ್ಷದ ಅಡುಗೆಯನ್ನು ಅನಂತಯ್ಯನಿಗೆ ಕೊಡಿ, ಇವತ್ತು ಮಾಡಿದವನು ಅವನೇ, ನನಗೆ ಬೇಡ ಎಂದೆ. ಹೇರ್ಳೆಯವರು ತುಂಬಾ ನೊಂದವರ ದನಿಯಲ್ಲಿ ಕೇಳಿದರು:

"ಎಂತಕ್ ಮರಾಯ್ರೆ? ನಾಯಿ ಈಗ ದಪ್ಪ ಆಯಿತಲ್ದಾ?"